ನನ್ನ ದೇಹ ನನ್ನಿಷ್ಟ ಅಂದ್ಮೇಲೆ ಸಿಗರೇಟ್, ಗುಟ್ಕಾ ವಿಷಯಕ್ಕೆ ಸರ್ಕಾರ ಯಾಕೆ ಬರ್ಬೇಕು?

ಕುಡಿತ, ಸಿಗರೇಟ್, ಗುಟ್ಕಾ ಎಲ್ಲ ಅವರವರ ಇಷ್ಟ, ಸರ್ಕಾರ ಯಾಕೆ ಮೂಗು ತೂರಿಸ್ಬೇಕು ಅಂತ ಕೇಳಿದೀರಿ. ನಾನು ಹುಟ್ಟಿ ಬೆಳೆದಿದ್ದು ಮುಂಬೈಲಿ. ಅಪ್ಪ ಕುಂದಾಪುರ ಕಡೆಯವರು, ಚೆಂಬೂರಲ್ಲಿ ಪರ್ಮಿಟ್ ರೂಮ್ ನಡೆಸ್ತಿದ್ರು, ಇಲ್ಲಿ ಬಾರ್‌ಗೆ ಹಾಗೇ ಅನ್ನೋದು. ಕಾಲೇಜ್ ಮುಗಿಸ್ಕೊಂಡು ಸಂಜೆ ನಾನೂ ಕೌಂಟರಲ್ಲಿ ಕೂರ್ತಿದ್ದೆ.

ಆಗ ಟೇಬಲ್‌ಗೊಂದು ಆ್ಯಶ್‌ಟ್ರೇ. ರಾತ್ರಿ ಹತ್ತಾದ್ರೆ ಹೊಗೇಲಿ ಆ ಕಡೆ ಗೋಡೆ ಮೇಲಿನ ಗಡಿಯಾರ ಕಾಣ್ತಿರ್ಲಿಲ್ಲ. ಸೇದೋರು ಎರಡು ತಾಸು ಕೂತು ಎದ್ದು ಹೋಗೋರು, ಆದ್ರೆ ಬೈಂದೂರಿಂದ ಬಂದಿದ್ದ ವೇಟರ್ ಹುಡುಗ್ರು ಸಂಜೆ ಐದರಿಂದ ರಾತ್ರಿ ಒಂದರ ತನಕ ಅದೇ ಹೊಗೇಲಿ ಓಡಾಡ್ಬೇಕು, ಅದ್ರಲ್ಲೊಬ್ಬ ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ, ಕೆಮ್ಮಿ ಕೆಮ್ಮಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತಿದ್ದ. ಅವನಿಷ್ಟ ಯಾರು ಕೇಳಿದ್ರು? 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗದಲ್ಲಿ ಸೇದೋ ಹಾಗಿಲ್ಲ ಅಂತಾಯ್ತು, 200 ರೂಪಾಯಿ ತನಕ ದಂಡ. ಗಿರಾಕಿ ತಪ್ಪುತ್ತೆ ಅಂತ ಅಪ್ಪನಿಗೆ ಭಯ ಇತ್ತು, ಒಂದು ತಿಂಗಳು ಜಗಳಾನೂ ಆಯ್ತು, ಆಮೇಲೆ ಜನ ತಾವಾಗೇ ಎದ್ದು ಹೊರಗೆ ಹೋಗಿ ಸೇದಿ ಬರೋಕೆ ಶುರು ಮಾಡಿದ್ರು. ವ್ಯಾಪಾರ ಬೀಳ್ಲಿಲ್ಲ.

ಎಲ್ಲ ಕಾನೂನೂ ಹೀಗೆ ಕೆಲಸ ಮಾಡುತ್ತೆ ಅನ್ನಲ್ಲ. 1949ರ ಕಾಯ್ದೆ ಪ್ರಕಾರ ಮಹಾರಾಷ್ಟ್ರದಲ್ಲಿ ಕುಡಿಯೋಕೆ ಇವತ್ತಿಗೂ ಪರ್ಮಿಟ್ ಬೇಕು. ನಾನು ಕೂತಷ್ಟು ವರ್ಷ ಒಬ್ಬ ಗಿರಾಕಿನೂ ಅದನ್ನ ತೋರಿಸಿದ್ದು ನೋಡಿಲ್ಲ. ಅದ್ರಿಂದ ಯಾರ ಲಿವರೂ ಉಳೀಲಿಲ್ಲ.

ಗುಟ್ಕಾ ನಮ್ಮನೆ ವಿಷಯ. ಅಮ್ಮನ ತಮ್ಮ, ನಮ್ಮ ಮಾವ, ಊರಿಂದ ಬಂದಾಗ ಹದಿನಾರು ವರ್ಷ, ಹೋಟೆಲಲ್ಲಿ ಟೇಬಲ್ ಒರೆಸೋ ಕೆಲಸ, ನಿದ್ದೆ ತಡೆಯೋಕೆ ಅಂತ ಒಂದು ರೂಪಾಯಿ ಪ್ಯಾಕೆಟ್ ಹಾಕೋಕೆ ಕಲಿತ್ರು. ನಮ್ಮ ಬಾರಲ್ಲಿ ಮ್ಯಾನೇಜರ್ ಆದ್ಮೇಲೂ ಬಿಡ್ಲಿಲ್ಲ. ಒಂದಿನ ನೋಡಿದ್ರೆ ಇಡ್ಲೀನ ಉಗುರಷ್ಟು ಉಗುರಷ್ಟು ಮುರಿದು ಹಲ್ಲಿನ ಸಂದೀಲಿ ತಳ್ತಿದಾರೆ, ಸಾರು ತಾಗಿದ್ರೆ ಬಾಯೆಲ್ಲ ಉರಿ. ಡೆಂಟಿಸ್ಟ್ ಮೂರು ಬೆರಳು ಸೇರಿಸಿ ಬಾಯೊಳಗೆ ನಿಲ್ಲಿಸಿ ಅಂದ್ರು, ಮಾವನಿಗೆ ಒಂದೇ ಬೆರಳು ಹೋಗಿದ್ದು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತೆ, ಕೆನ್ನೆ ಒಳಗಿನ ಪೊರೆ ಹಗ್ಗದ ಹಾಗೆ ಬಿಗಿಯಾಗೋದು. ಇದಕ್ಕೆ ಮುಖ್ಯ ಕಾರಣ ತಂಬಾಕಲ್ಲ, ಅಡಿಕೆ. ನಮ್ಮ ನೆಂಟರಲ್ಲಿ ಅರ್ಧ ಜನ ತೋಟದವರು, ಈ ಮಾತಿಗೆ ಬೇಜಾರಾಗ್ತಾರೆ, ಆದ್ರೂ ಹೇಳ್ಲೇಬೇಕು. ಮುಂದೆ ಅದು ಕ್ಯಾನ್ಸರ್‌ಗೆ ತಿರುಗ್ತು, ಪರೇಲ್‌ನ ಟಾಟಾ ಆಸ್ಪತ್ರೆಗೆ ಎಂಟು ತಿಂಗಳು ಓಡಾಡಿದ್ವಿ, ಮಾವ ಉಳೀಲಿಲ್ಲ.

2012ರ ಜುಲೈನಲ್ಲೇ ಮಹಾರಾಷ್ಟ್ರದಲ್ಲಿ ಗುಟ್ಕಾ ನಿಷೇಧ ಆಗಿತ್ತು. ಆದ್ರೂ ಮಾವನಿಗೆ ಸಿಗ್ತಾನೇ ಇತ್ತು, ರೇಟ್ ಜಾಸ್ತಿ ಆಗಿತ್ತು ಅಷ್ಟೇ, ಅಂಗಡಿಯವನು ಡಬ್ಬದ ಹಿಂದಿಂದ ತೆಗೆದು ಮುಷ್ಟೀಲಿ ಮುಚ್ಚಿ ಕೊಡೋನು. ಇಷ್ಟ ಇಷ್ಟ ಅಂತೀರಲ್ಲ, ಮಾವ ಬಿಡ್ಬೇಕು ಅಂತ ನಾಲ್ಕು ಸಲ ಹರಕೆ ಹೊತ್ತಿದ್ರು. ಅವರಿಷ್ಟ ಅಂತ ಏನಾದ್ರೂ ಇದ್ದಿದ್ರೆ ಅದು ಹದಿನಾರನೇ ವಯಸ್ಸಲ್ಲಿ ಮೊದಲ್ನೇ ಪ್ಯಾಕೆಟ್ ಹರಿದ ದಿನಕ್ಕೇ ಮುಗಿದಿತ್ತು.

ಅದಕ್ಕೇ ನನ್ನ ಉತ್ತರ, ಸರ್ಕಾರ ಬರ್ಲೇಬೇಕು, ಆದ್ರೆ ತಿನ್ನೋನ ಹಿಂದೆ ಅಲ್ಲ, ಮಾರೋನ ಹಿಂದೆ. 2020ರ ಸೆಪ್ಟೆಂಬರಲ್ಲಿ ಇಲ್ಲಿ ಬಿಡಿ ಸಿಗರೇಟ್, ಬಿಡಿ ಬೀಡಿ ಮಾರೋದು ನಿಲ್ಲಿಸಿದ್ರು, ಅದು ಸರಿಯಾದ ಕಾನೂನು. ಹುಡುಗ್ರ ಹತ್ರ ಪೂರ್ತಿ ಪ್ಯಾಕ್‌ಗೆ ದುಡ್ಡಿರಲ್ಲ, ಬಿಡಿಯಾಗಿ ತಗೊಂಡ್ರೆ ಪ್ಯಾಕ್ ಮೇಲಿನ 85 ಪರ್ಸೆಂಟ್ ಎಚ್ಚರಿಕೆ ಚಿತ್ರಾನೂ ಕಣ್ಣಿಗೆ ಬೀಳಲ್ಲ. ಆದ್ರೆ ನಮ್ಮ ಬಿಲ್ಡಿಂಗ್ ಎದುರಿನ ಟಪರಿಲಿ, ಅಂದ್ರೆ ಗೂಡಂಗಡೀಲಿ, ಈಗಲೂ ಒಂದೊಂದೇ ಮಾರ್ತಾನೆ, ಸ್ಕೂಲ್ ಬ್ಯಾಗ್ ಹಾಕ್ಕೊಂಡ ಹುಡುಗ್ರಿಗೂ ಕೊಡ್ತಾನೆ. ಎರಡು ಸಲ ಹೇಳ್ದೆ, ಕೇಳ್ಲಿಲ್ಲ. ಈ ವಾರ ಲಿಖಿತ ದೂರು ಕೊಡ್ತಿದೀನಿ.