ಓದುಗರ ಪ್ರಶ್ನೆ: ಸಂಕ್ರಾಂತಿ ಬುತ್ತಿ, ಮಂಡಕ್ಕಿ ಮೂಟೆ, ಕೋಟೆ ಹತ್ತುವ ದಿನ

ಪ್ರಶ್ನೆ: ದಾವಣಗೆರೆ, ಹರಿಹರ ಕಡೆಯ ನಾವು ಸುಮಾರು 60 ಮಂದಿ ದುಬೈನಲ್ಲಿದ್ದೇವೆ. ಊರಲ್ಲಿ ಸಂಕ್ರಾಂತಿಗೆ ಹೊಳೆ ದಂಡೆಯಲ್ಲಿ ಬುತ್ತಿ ಬಿಚ್ಚುವಂತೆ ಇಲ್ಲಿ ಪಾರ್ಕಿನಲ್ಲಿ ಸೇರುತ್ತೇವೆ. ಕಳೆದ ಸಲ ಒಗ್ಗರಣೆ ಮಂಡಕ್ಕಿ ಮುದ್ದೆಯಾಯಿತು, ಮೊಸರನ್ನ ಹುಳಿಯಾಯಿತು. ಎಲ್ಲಿ ತಪ್ಪಿದೆವು?
– ಓದುಗರೊಬ್ಬರು, ದುಬೈ

ಉತ್ತರ: ಮಂಡಕ್ಕಿಯನ್ನು ಮನೆಯಲ್ಲೇ ಕಲಸಿ ಡಬ್ಬಿಗೆ ತುಂಬಿರುತ್ತೀರಿ, ಅಷ್ಟೇ. ನೆನೆದ ಮಂಡಕ್ಕಿ ಈರುಳ್ಳಿ, ಟೊಮೆಟೊದ ನೀರನ್ನೂ ಹೀರುತ್ತಲೇ ಇರುತ್ತದೆ. ಬಿಸಿ ಡಬ್ಬಿಯ ಹಬೆ ಉಳಿದ ಕೆಲಸ ಮುಗಿಸುತ್ತದೆ. ಜೊತೆಗೆ ಅಂಗಡಿಯಲ್ಲಿ ಸಿಗುವ ತೆಳು ಮಂಡಕ್ಕಿಯನ್ನು ನಮ್ಮ ಗಟ್ಟಿ ಭಟ್ಟಿ ಮಂಡಕ್ಕಿಯಂತೆ ನೀರಿನಲ್ಲಿ ಮುಳುಗಿಸಿದರೆ ಕೈಯಲ್ಲೇ ಕರಗುತ್ತದೆ. ತೆಳುವಾದದ್ದಕ್ಕೆ ನೀರು ಚಿಮುಕಿಸಿದರೆ ಸಾಕು. ಗಟ್ಟಿಯದಾದರೆ ಮುಳುಗಿಸಿ, ತಕ್ಷಣ ತೆಗೆದು ಎರಡೂ ಅಂಗೈಯಲ್ಲಿ ಹಿಂಡಿ.

60 ಜನಕ್ಕೆ 3 ಕೆ.ಜಿ. ಮಂಡಕ್ಕಿ, 2 ಕೆ.ಜಿ. ಈರುಳ್ಳಿ, ಒಂದೂವರೆ ಕೆ.ಜಿ. ಟೊಮೆಟೊ, ಕಾಲು ಕೆ.ಜಿ. ಹಸಿಮೆಣಸಿನಕಾಯಿ, 700 ಮಿ.ಲೀ. ಎಣ್ಣೆ, 350 ಗ್ರಾಂ ಹುರಿಗಡಲೆ ಪುಡಿ, 15 ನಿಂಬೆಹಣ್ಣು. ಒಗ್ಗರಣೆಯನ್ನು ಮನೆಯಲ್ಲೇ ಮಾಡಿ, ಟೊಮೆಟೊದ ನೀರು ಆರಿ ಎಣ್ಣೆ ಬಿಡುವವರೆಗೆ ಬಾಡಿಸಿ, ಬೇರೆ ಡಬ್ಬಿಯಲ್ಲಿ ಒಯ್ಯಿರಿ. ಪಾರ್ಕಿನಲ್ಲಿ ಒಂದು ಸಲಕ್ಕೆ ಒಂದೇ ಕೆ.ಜಿ. ಮಂಡಕ್ಕಿ ಕಲಸಿ ಬಡಿಸಿ, ಅದು ಖಾಲಿಯಾದ ಮೇಲೆ ಮತ್ತೊಂದು. ಹುರಿಗಡಲೆ ಪುಡಿ ಕೊನೆಗೆ. ಹೆಚ್ಚಿದ ತೇವವನ್ನು ಅದೇ ಎಳೆದುಕೊಳ್ಳುತ್ತದೆ. ಕೆಲವು ಮಂಡಕ್ಕಿಯಲ್ಲಿ ಮೊದಲೇ ಉಪ್ಪಿರುತ್ತದೆ, ಬಾಯಿಗೆ ಹಾಕಿ ನೋಡಿದ ಮೇಲೆ ಉಪ್ಪು ಬೆರೆಸಿ.

ಮಿರ್ಚಿ (ಮೆಣಸಿನಕಾಯಿ ಬಜ್ಜಿ) ಇಲ್ಲದೆ ಮಂಡಕ್ಕಿ ತಿನ್ನಿ ಎಂದು ದಾವಣಗೆರೆಯವರಿಗೆ ಹೇಳುವ ಧೈರ್ಯ ನಮಗಿಲ್ಲ. ಆದರೆ ಮಕ್ಕಳು ಓಡಾಡುವ, ಗಾಳಿ ಬೀಸುವ ಜಾಗದಲ್ಲಿ ಎಣ್ಣೆ ಬಾಣಲೆ ಬೇಡವೇ ಬೇಡ. ಅಲ್ಲಿನ ಪಾರ್ಕುಗಳಲ್ಲಿ ಬೆಂಕಿಗೆ ಗೊತ್ತುಮಾಡಿದ ಜಾಗ ಬಿಟ್ಟರೆ ಒಲೆ ಹಚ್ಚುವಂತೆಯೂ ಇಲ್ಲ. ಮನೆಯಲ್ಲೇ ಕರಿದು, ಜಾಲರಿಯ ಮೇಲೆ ಪೂರ್ತಿ ಆರಿಸಿ, ಕಾಗದ ಹಾಸಿದ ಬುಟ್ಟಿಯಲ್ಲಿ ಮುಚ್ಚಳವಿಲ್ಲದೆ ಒಯ್ಯಿರಿ. ಬಿಸಿಯಿರುವಾಗಲೇ ಮುಚ್ಚಿದರೆ ಮೇಲಿನ ಹಿಟ್ಟು ಒದ್ದೆ ಬಟ್ಟೆಯಂತಾಗುತ್ತದೆ.

ಮೊಸರನ್ನಕ್ಕೆ 3 ಕೆ.ಜಿ. ಅಕ್ಕಿಯ ಅನ್ನ ಮೆತ್ತಗಾಗಲಿ. ಪೂರ್ತಿ ಆರಿದ ಮೇಲೆ ಕಾಯಿಸಿ ಆರಿಸಿದ 4 ಲೀಟರ್ ಹಾಲು, ಅರ್ಧ ಲೀಟರ್ ಮೊಸರು ಬೆರೆಸಿ. ಊಟದ ಹೊತ್ತಿಗೆ ಹದವಾಗಿರುತ್ತದೆ. ಬರೀ ಮೊಸರಿನಲ್ಲೇ ಕಲಸಿದರೆ, ಅದೂ ಅನ್ನ ಬಿಸಿಯಿದ್ದಾಗ ಕಲಸಿದರೆ, ಹುಳಿಯಾಗದೆ ಇನ್ನೇನಾದೀತು?

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಎರಡು ದಿನ ಮೊದಲೇ ತಟ್ಟಿ ಒಣಗಿಸಿಡಬಹುದು. ತಲೆಗೆ ಎರಡರಂತೆ 6 ಕೆ.ಜಿ. ಹಿಟ್ಟು ಬೇಕು. ಸಜ್ಜೆ ಹಿಟ್ಟು ಹಳೆಯದಾದರೆ ಕಹಿಯಾಗುತ್ತದೆ, ಕೊಳ್ಳುವಾಗ ಪೊಟ್ಟಣದ ಮೇಲಿನ ದಿನಾಂಕ ನೋಡಿ. ಸಂಕ್ರಾಂತಿಗೆ ಅಲ್ಲಿ ರಜೆ ಇಲ್ಲವಾದ್ದರಿಂದ ಹತ್ತಿರದ ಶನಿವಾರ ಇಟ್ಟುಕೊಳ್ಳಿ. ಭಾನುವಾರವಾದರೆ ಮರುದಿನದ ಶಾಲೆಯ ನೆಪದಲ್ಲಿ ಅರ್ಧ ಜನ ಬೇಗ ಎದ್ದು ಹೊರಡುತ್ತಾರೆ.

ಪ್ರಶ್ನೆ: ಆ ಮಂಡಕ್ಕಿಯನ್ನು ಊರಿನಿಂದಲೇ ದುಬೈಗೆ ಕಳಿಸಬಹುದೇ? ಮಗ ಅಲ್ಲಿದ್ದಾನೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕಳಿಸಬಹುದು, ಆದರೆ 3 ಕೆ.ಜಿ.ಗೇ ಒಂದು ಸೂಟ್‌ಕೇಸ್ ತುಂಬುತ್ತದೆ. ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ. ಅಲ್ಲಿ ಮೆತ್ತಗಾದರೆ ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೂರು ನಿಮಿಷ ಹುರಿದರೆ ಗರಿಗರಿ. ಅದಕ್ಕಿಂತ ಗುರೆಳ್ಳು, ಶೇಂಗಾ ಚಟ್ನಿಪುಡಿ ಕಳಿಸುವುದು ಜಾಣತನ. ಗಸಗಸೆಯನ್ನು ಮಾತ್ರ ಒಂದು ಚೂರೂ ಕಳಿಸಬೇಡಿ, ಮಸಾಲೆ ಪುಡಿಯಲ್ಲಿ ಬೆರೆಸಿಯೂ ಬೇಡ. ಯುಎಇಯಲ್ಲಿ ಅದು ನಿಷಿದ್ಧ. ವಿಮಾನ ನಿಲ್ದಾಣದಲ್ಲೇ ಮಗ ತೊಂದರೆಗೆ ಸಿಕ್ಕಿಬೀಳುತ್ತಾನೆ.

ಪ್ರಶ್ನೆ: ಜುಲೈ ರಜೆಗೆ ಹೊರದೇಶದಿಂದ ಬಂಧುಗಳು ಬರುತ್ತಾರೆ. ಒಟ್ಟು 25 ಜನ. ಒಂದೇ ದಿನದಲ್ಲಿ ಚಿತ್ರದುರ್ಗದ ಕೋಟೆ, ಚಂದ್ರವಳ್ಳಿ, ವಾಣಿವಿಲಾಸ ಸಾಗರ ಮುಗಿಸಬಹುದೇ?
– ಓದುಗರೊಬ್ಬರು, ಚನ್ನಗಿರಿ

ಉತ್ತರ: ವಾಣಿವಿಲಾಸ ಸಾಗರ ಬಿಡಿ. ಅದು ಹಿರಿಯೂರಿನ ಕಡೆ, ನಿಮಗೆ ತಿರುಗುಮುರುಗು ದಾರಿ. ಕೋಟೆಗೆ ಬೆಳಗಿನ ಮೂರು ಗಂಟೆ ಬೇಕು. ಜುಲೈನಲ್ಲಿ ಬಿಸಿಲಿನ ಕಾಟ ಕಡಿಮೆ, ಗಾಳಿ ಜೋರು. ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟದ್ದು ಸುಮ್ಮನೆ ಅಲ್ಲ. ಕೊಡೆ ಉಲ್ಟಾ ಹೊಡೆಯುತ್ತದೆ, ರೇನ್‌ಕೋಟ್ ತರಲಿ. ತುಂತುರು ಬಿದ್ದ ಬಂಡೆ ಜಾರುವುದರಿಂದ ನುಣುಪು ಅಡಿಯ ಚಪ್ಪಲಿ ಬೇಡ. ಕೈಯಲ್ಲಿ ತಿಂಡಿ ಪೊಟ್ಟಣ ಕಂಡರೆ ಮಂಗಗಳು ಬಿಡುವುದಿಲ್ಲ, ಊಟ ಗಾಡಿಯಲ್ಲೇ ಇರಲಿ.

ಓಬವ್ವನ ಕಿಂಡಿಯಲ್ಲಿ ಒಬ್ಬೊಬ್ಬರೇ ಬಗ್ಗಿ ನುಸುಳಬೇಕು. ಮಂಡಿನೋವಿನವರನ್ನು ಅಲ್ಲಿಗೆ ಕರೆದೊಯ್ಯದೆ ಏಕನಾಥೇಶ್ವರಿ ಗುಡಿಯ ಹತ್ತಿರ ಕೂರಿಸಿ. ವಿದೇಶಿ ಪಾಸ್‌ಪೋರ್ಟ್ ಇದ್ದು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇಲ್ಲದವರಿಗೆ ಟಿಕೆಟ್ ದರ ಬೇರೆ, 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಮಧ್ಯಾಹ್ನ ಚಂದ್ರವಳ್ಳಿಯ ಕೆರೆ ಹತ್ತಿರ ಬುತ್ತಿ ಬಿಚ್ಚಿ, ಆಮೇಲೆ ಅಂಕಲಿ ಮಠದ ಗುಹೆ. ಒಳಗೆ ಕಗ್ಗತ್ತಲು, ಟಾರ್ಚ್ ನಾಲ್ಕಾದರೂ ಬೇಕು.