ಮಂಗಳೂರಿಗೆ ಎರಡು ಬಂದರುಗಳು ಏಕೆ?

ಪೇಟೆಯಲ್ಲೇ ಬಂದರು ಇರುವಾಗ ನಗರದ ಉತ್ತರಕ್ಕಿರುವ ಪಣಂಬೂರಿನಲ್ಲಿ ಇನ್ನೊಂದನ್ನು ಏಕೆ ಕಟ್ಟಿದರು, ಹಳೆಯದು ಈಗ ಮುಚ್ಚಿದೆಯೇ ಎಂದು ಕೇಳಿದ್ದೀರಿ. ಮುಚ್ಚಿಲ್ಲ.

ಹಳೆಯ ಬಂದರು ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಸಮುದ್ರ ಸೇರುವಲ್ಲಿದೆ. ನದಿಗಳು ಹೊತ್ತು ತರುವ ಹೂಳು, ಅಳಿವೆಯ ಮರಳದಿಣ್ಣೆ ಅದರ ದೊಡ್ಡ ತೊಡಕು. ದೊಡ್ಡ ಹಡಗುಗಳು ಹೊರಗಡಲಿನಲ್ಲೇ ಲಂಗರು ಹಾಕುತ್ತಿದ್ದವು. ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕಿತ್ತು. ಮಳೆಗಾಲದಲ್ಲಿ ಅದಕ್ಕೂ ಅಡ್ಡಿ. ಹಾಗಾಗಿ ಪಣಂಬೂರಿನಲ್ಲಿ ಕಡಲತೀರದ ಒಳಗೆ ನೆಲವನ್ನೇ ಅಗೆದು, ಹಡಗುಗಳು ಒಳಬಂದು ನಿಲ್ಲುವ ಕೃತಕ ಹಿನ್ನೀರಿನ ಬಂದರು ನಿರ್ಮಿಸಿದರು. 1974ರಲ್ಲಿ ಅದು ಪ್ರಮುಖ ಬಂದರೆಂದು ಘೋಷಣೆಯಾಯಿತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕುದುರೆಮುಖದ ಅದಿರು ನೀರಿನೊಂದಿಗೆ ಕೊಳವೆಯಲ್ಲಿ ಹರಿದು ಅಲ್ಲಿಗೇ ಬರುತ್ತಿತ್ತು. ಆ ಬಂದರಿಗಾಗಿ ಎಷ್ಟೋ ಕುಟುಂಬಗಳು ಮನೆ, ಗದ್ದೆ ಬಿಟ್ಟುಕೊಟ್ಟವು. ಅದನ್ನು ಹೇಳದೆ ಈ ಇತಿಹಾಸ ಹೇಳುವುದು ಸರಿಯಲ್ಲ.

ಆದರೆ ನನಗೆ ಪ್ರಿಯವಾದದ್ದು ಹಳೆಯದೇ. ಲಕ್ಷದ್ವೀಪಕ್ಕೆ ತರಕಾರಿ, ಅಕ್ಕಿ, ಜಲ್ಲಿ, ಸಿಮೆಂಟು ತುಂಬಿದ ಮಂಜಿಗಳು (ಸರಕು ಸಾಗಿಸುವ ಮರದ ಹಡಗುಗಳು) ಇಂದಿಗೂ ಇಲ್ಲಿಂದ ಹೊರಡುತ್ತವೆ. ಪಕ್ಕದಲ್ಲೇ ಮೀನುಗಾರಿಕಾ ಧಕ್ಕೆ, ಅಂದರೆ ಮೀನಿನ ದೋಣಿಗಳು ನಿಲ್ಲುವ ಕಟ್ಟೆ. ಬೆಳಗಿನ ಜಾವವೇ ಹೋಗಿ, ಆಗ ಮೀನಿನ ಹರಾಜು ನಡೆಯುತ್ತಿರುತ್ತದೆ. ಮಂಜಿಗಳಿಗೆ ಸರಕು ತುಂಬುವುದನ್ನು ನೋಡಬೇಕಿದ್ದರೆ ಮಳೆಗಾಲ ತಪ್ಪಿಸಿ, ಆ ತಿಂಗಳುಗಳಲ್ಲಿ ಅವು ಕಡಲಿಗಿಳಿಯುವುದಿಲ್ಲ.