ಪ್ರತಿಕ್ರಿಯೆ: ಜಿಡಿಪಿ ಏರಿತು, ಊರಿಗೆ ಉಳಿದದ್ದೆಷ್ಟು?

ಹೊರಗಿನ ಕಂಪನಿ ರೆಸಾರ್ಟ್ ಕಟ್ಟಿದ ಮೇಲೆ ಆ ಪ್ರದೇಶದ ಜಿಡಿಪಿ ಏರಿದರೆ ಲಾಭವಾಯಿತು ಅನ್ನಬಹುದಾ ಎಂದು ಕೇಳಿದ್ದೀರಿ. ಸುಮ್ನೆ ಅದೊಂದನ್ನೇ ನಂಬಬೇಡಿ. ಹೋಟೆಲಿನ ಲಾಭ ಹೊರಗಿನ ಮಾಲೀಕರ ಜೇಬಿಗೆ ಹೋದರೂ ಜಿಡಿಪಿಯಲ್ಲಿ ಅದು ಇಲ್ಲಿಯ ಲೆಕ್ಕಕ್ಕೇ ಸೇರುತ್ತದೆ.

ಮೊದಲು ಸೋರಿಕೆ, ಅಂದರೆ ಊರಿಂದ ಆಚೆ ಹೋಗುವ ಹಣ, ಎಷ್ಟೆಂದು ಹಿಡಿಯಿರಿ. ಲಾಭ, ಸಾಲದ ಬಡ್ಡಿ, ಬ್ರ್ಯಾಂಡ್ ಶುಲ್ಕ, ಹೊರಗಿಂದ ತರಿಸಿದ ಸಾಮಾನು, ಹೊರಗಿನ ನೌಕರರು ಮನೆಗೆ ಕಳಿಸುವ ಸಂಬಳ, ಎಲ್ಲವನ್ನೂ ಪ್ರವಾಸಿಗಳು ಕೊಟ್ಟ ಹಣದಿಂದ ಕಳೆಯಬೇಕು. ಪ್ರವಾಸಿ ಕೊಟ್ಟ 100ರಲ್ಲಿ 60 ಹೀಗೆ ಹೋದರೆ, ಊರೊಳಗೆ ಮತ್ತೆ ಕೈ ಬದಲಾಗುವುದು 40 ಮಾತ್ರ.

ಈ ಲೆಕ್ಕಕ್ಕೆ ಅರ್ಥಶಾಸ್ತ್ರಜ್ಞ ಲಿಯೊಂಟಿಯೆಫ್ ಅವರಿಗೆ 1973ರಲ್ಲಿ ನೊಬೆಲ್ ತಂದುಕೊಟ್ಟ ಇನ್‌ಪುಟ್-ಔಟ್‌ಪುಟ್ ಕೋಷ್ಟಕ, ಅಂದರೆ ಯಾವ ಉದ್ಯಮ ಯಾವುದರಿಂದ ಎಷ್ಟು ಕೊಳ್ಳುತ್ತದೆ ಎಂಬ ಪಟ್ಟಿ, ಅನುಕೂಲ. ಆದರೆ ಕೂಲಿ, ಜಾಗದ ಬೆಲೆ ಏರುವುದೇ ಇಲ್ಲ ಎಂದು ಅದು ಅಂದುಕೊಳ್ಳುತ್ತದೆ. ಹಾಗಾಗಿ ಗುಣಕ, ಅಂದರೆ ಹೊರಗಿಂದ ಬಂದ ಒಂದು ರೂಪಾಯಿ ಊರಲ್ಲಿ ಒಟ್ಟು ಎಷ್ಟು ರೂಪಾಯಿ ವಹಿವಾಟು ಹುಟ್ಟಿಸುತ್ತದೆ ಎಂಬ ಲೆಕ್ಕ, ಜಾಸ್ತಿಯೇ ಬರುತ್ತದೆ. (ಯೋಜನೆ ಮಾರುವವರಿಗೆ ಅದೇ ಇಷ್ಟ, ಬಿಡಿ.) ಬೆಲೆಯ ಪರಿಣಾಮವೂ ಬೇಕಿದ್ದರೆ ಸಿಜಿಇ ಮಾದರಿ, ಅಂದರೆ ಬೆಲೆ, ಕೂಲಿಗಳೂ ಬದಲಾಗುವಂತೆ ಇಡೀ ಆರ್ಥಿಕತೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ, ನೋಡಿ.

ಹೂಡಿಕೆಯೇ ಕಾರಣವಾ ಅನ್ನುವುದು ಬೇರೆ ಪ್ರಶ್ನೆ. ಹೂಡುವವರು ಆಗಲೇ ಬೆಳೆಯುತ್ತಿರುವ ಜಾಗವನ್ನೇ ಆರಿಸುತ್ತಾರೆ ಅಲ್ವಾ? ಮುಂಚೆ ಅದೇ ವೇಗದಲ್ಲಿ ಬೆಳೆಯುತ್ತಿದ್ದ, ಆದರೆ ಹೂಡಿಕೆ ಬರದ ಪ್ರದೇಶವೊಂದನ್ನು ಹುಡುಕಿ. ಎರಡೂ ಕಡೆ ಮುಂಚೆಗೂ ಆಮೇಲಿಗೂ ಆದ ಬದಲಾವಣೆಯನ್ನು ಹೋಲಿಸಿ. ಆದರೆ ಪಕ್ಕದ ಊರನ್ನು ಆರಿಸಬೇಡಿ, ಅಲ್ಲಿಗೆ ಹೋಗುತ್ತಿದ್ದ ಪ್ರವಾಸಿಗಳೇ ಇಲ್ಲಿಗೆ ಬಂದಿರಬಹುದು.